ಒರಸುವ ಬಟ್ಟೆಯನ್ನು ಒಣಗಿಸುವುದೆಲ್ಲಿ?

ಜೂನ್ ತಿಂಗಳ ಆರಂಭದಲ್ಲಿ ಕಾಸರಗೋಡಿನ ಮನೆಗಳಿಗೆ ಎರಡು ಸಂಗತಿಗಳು ಒಟ್ಟಿಗೆ ಬರುತ್ತವೆ. ಒಂದು, ಶಾಲೆಯ ಬಾಗಿಲು ತೆರೆಯುವುದು. ಇನ್ನೊಂದು, ಮುಂಗಾರು ಮಳೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮುರಕಲ್ಲಿನ ಕೆಂಪು ಮಣ್ಣೇ ಹರಡಿರುವ ಈ ನಾಡಿನಲ್ಲಿ, ಸಂಜೆ ಶಾಲೆ ಬಿಟ್ಟು ಬರುವ ಮಕ್ಕಳ ಕಾಲಿನೊಂದಿಗೆ ಆ ಮಣ್ಣೂ ಮನೆಯೊಳಗೆ ಬರುತ್ತದೆ. ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಅಡುಗೆಮನೆಗೆ ಕೆಂಪು ಹೆಜ್ಜೆಗಳು ಮೂಡುತ್ತವೆ. ಅವುಗಳನ್ನು ಒರಸಲೆಂದು ತಾಯಿಯೋ ಅಜ್ಜಿಯೋ ಹಿತ್ತಿಲ ಬಾಗಿಲ ಮೂಲೆಯಿಂದ ಮಾಪನ್ನು ತರುತ್ತಾರೆ. ಬೆಳಗ್ಗೆ ಬಳಸಿ ಬಾಲ್ದಿಯಲ್ಲೇ ನಿಲ್ಲಿಸಿಟ್ಟಿದ್ದ ಆ ಮಾಪು ಸಂಜೆಯ ವೇಳೆಗೂ ಒದ್ದೆಯಾಗಿಯೇ ಇರುತ್ತದೆ. ಒರಸಿದ ಮೇಲೆ ಹೆಜ್ಜೆಗುರುತು ಮಾಯವಾಗುತ್ತದೆ; ಬದಲಿಗೆ ಮನೆಯಿಡೀ ಒಂದು ಮುಗ್ಗಲು ವಾಸನೆ ಉಳಿಯುತ್ತದೆ. ಅದನ್ನು ಅಡಗಿಸಲೆಂದು ಮರುದಿನ ನೀರಿಗೆ ಒಂದು ಮುಚ್ಚಳ ಫಿನಾಯಿಲು ಹೆಚ್ಚಿಗೆ ಬೀಳುತ್ತದೆ.

ಆ ವಾಸನೆ ನೆಲದ್ದಲ್ಲ, ಮಾಪಿನದು. ಮನೆಯ ಕೊಳೆಯನ್ನೆಲ್ಲ ತನ್ನ ಮೈಗೆ ಎಳೆದುಕೊಳ್ಳುವ ಈ ಸಾಧನವನ್ನು ಯಾರೂ ಕೊಳೆಯೆಂದು ಎಣಿಸುವುದಿಲ್ಲ. ದಿನವೂ ನೀರಿನಲ್ಲಿ ಮುಳುಗುವ ವಸ್ತು ತಾನಾಗಿಯೇ ಶುದ್ಧವಾಗಿರುತ್ತದೆ ಎಂಬ ನಂಬಿಕೆ ಹೆಚ್ಚಿನ ಮನೆಗಳಲ್ಲಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ನಂಬಿಕೆ ಅಪಾಯಕಾರಿ. ನೆಲದ ಮೇಲೆ ಅಂಬೆಗಾಲಿಡುವ ಶಿಶುವಿನಿಂದ ಹಿಡಿದು, ಚಾವಡಿಯಲ್ಲಿ ಪುಸ್ತಕ ಹರಡಿಕೊಂಡು ಬೋರಲು ಮಲಗಿ ಮನೆಪಾಠ ಬರೆಯುವ ನಾಲ್ಕನೆಯ ತರಗತಿಯ ಬಾಲಕನವರೆಗೆ, ಮನೆಯಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಾಗಿ ಬದುಕುವವರು ಮಕ್ಕಳೇ. ಅವರ ಕೈ ನೆಲದಿಂದ ಬಾಯಿಗೆ ಹೋಗಲು ಬಹಳ ಹೊತ್ತು ಬೇಕಿಲ್ಲ.

ಹಾಳೆಯಿಂದ ಮಾಪಿನವರೆಗೆ

ಎರಡು ತಲೆಮಾರುಗಳ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಆಗ ಹೆಚ್ಚಿನ ಮನೆಗಳದು ಮಣ್ಣಿನ ನೆಲ. ಅದನ್ನು ಒರಸುತ್ತಿರಲಿಲ್ಲ, ಸಾರಿಸುತ್ತಿದ್ದರು. ಸೆಗಣಿಯನ್ನು ನೀರಿನಲ್ಲಿ ಕದಡಿ, ಕೆಲವು ಮನೆಗಳಲ್ಲಿ ಮಸಿಯನ್ನೂ ಬೆರೆಸಿ, ಅಡಿಕೆ ಹಾಳೆಯ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಅರ್ಧಚಂದ್ರಾಕಾರವಾಗಿ ಎಳೆಯುತ್ತ ಬರುವುದು ಒಂದು ಕಲೆಯೇ ಆಗಿತ್ತು. ಮಳೆಗಾಲ ಕಳೆದು ಅಡಿಕೆ ಒಣಹಾಕುವ ಮುನ್ನ ಅಂಗಳಕ್ಕೂ ಅದೇ ಉಪಚಾರ ಸಲ್ಲುತ್ತಿತ್ತು. ಕೆಲಸ ಮುಗಿದ ಮೇಲೆ ಹಾಳೆಯ ತುಂಡು ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಮುಂದಿನ ಬಾರಿಗೆ ತೋಟದಲ್ಲಿ ಬಿದ್ದ ಇನ್ನೊಂದು ಹಾಳೆ. ತೊಳೆಯುವ, ಒಣಗಿಸುವ, ಕಾಪಿಡುವ ಗೋಜೇ ಇಲ್ಲದ ಸಾಧನವದು. ಸೆಗಣಿಯ ನೆಲದಲ್ಲಿ ರೋಗಾಣುಗಳೇ ಇರಲಿಲ್ಲವೆಂದು ಹಳೆಯದನ್ನು ಹಾಡಿ ಹೊಗಳಬೇಕಾಗಿಲ್ಲ; ಆದರೆ ಕೊಳೆಯಾದ ಸಾಧನವನ್ನೇ ಮರುದಿನ ಮತ್ತೆ ನೆಲಕ್ಕೆ ಎಳೆಯುವ ಸಂಭವ ಅಲ್ಲಿರಲಿಲ್ಲ ಎಂಬುದು ದಿಟ.

ಆ ಮೇಲೆ ಕಾವಿ ಬೆರೆಸಿದ ಸಿಮೆಂಟಿನ ನೆಲ ಬಂತು. ಕನ್ನಡಿಯಂತೆ ಹೊಳೆಯುವ ಆ ಕೆಂಪು ನೆಲವನ್ನು ಒರಸಲು ಹಳೆಯ ಬೈರಾಸು ಸಾಕಾಗುತ್ತಿತ್ತು. ಮನೆಯ ಹೆಂಗಸರು ಮಂಡಿಯೂರಿ, ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದು ಕೈಯಿಂದ ಉದ್ದುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಬೈರಾಸು ತೆಳ್ಳಗಿನ ಬಟ್ಟೆ. ತೊಳೆದು, ಹಿಂಡಿ, ಬಳ್ಳಿಗೆ ಹರವಿದರೆ ಬೇಗ ಒಣಗುತ್ತಿತ್ತು. ಮಳೆಗಾಲದಲ್ಲಿ ಅದು ಬಚ್ಚಲುಮನೆಯ ಒಲೆಯ ಸಮೀಪ ಜೋಲಾಡುತ್ತಿತ್ತು. ಹಂಡೆಯ ನೀರು ಕಾಯಿಸಲು ಬೆಳಗ್ಗೆ ಸಂಜೆ ಉರಿಯುತ್ತಿದ್ದ ಆ ಒಲೆ ಇಡೀ ಮನೆಯ ಒದ್ದೆ ಬಟ್ಟೆಗಳ ಆಶ್ರಯಸ್ಥಾನವಾಗಿತ್ತು.

ಈಗ ಟೈಲ್ಸಿನ ನೆಲ, ಗ್ರಾನೈಟಿನ ನೆಲ. ಕೋಲಿಗೆ ಸಿಕ್ಕಿಸಿದ ಹತ್ತಿಯ ನೂಲಿನ ಮಾಪು, ಚಪ್ಪಟೆಯ ಮೈಕ್ರೋಫೈಬರ್ ಮಾಪು, ಬಾಲ್ದಿಯೊಳಗೇ ಗಿರಗಿರನೆ ತಿರುಗುವ ಸ್ಪಿನ್ ಮಾಪು, ಇವೆಲ್ಲ ಉಪ್ಪಳದ ಅಂಗಡಿಯಲ್ಲೂ ಬದಿಯಡ್ಕದ ಅಂಗಡಿಯಲ್ಲೂ ತೂಗಾಡುತ್ತಿವೆ. ನೆಲ ಬದಲಾಯಿತು, ಸಾಧನವೂ ಬದಲಾಯಿತು. ಅದರ ಜೊತೆಗೆ ಬಚ್ಚಲಿನ ಒಲೆಯೂ ಆರಿತು. ಅದರ ಸ್ಥಾನದಲ್ಲಿ ಗೀಸರ್ ಬಂತು. ಮೂರು ಬದಲಾವಣೆಗಳಲ್ಲಿ ಮೊದಲಿನ ಎರಡನ್ನು ಎಲ್ಲರೂ ಗಮನಿಸಿದ್ದಾರೆ. ಮೂರನೆಯದನ್ನು ಗಮನಿಸಿದವರು ಕಡಿಮೆ.

ಕೋಲಿನ ಮಾಪನ್ನು ಹಳಿಯುವುದು ಮಾತ್ರ ಅನ್ಯಾಯವಾದೀತು. ಮಂಡಿಯೂರಿ ನೆಲ ಒರಸುವವರಿಗೆ ಮಂಡಿಚಿಪ್ಪಿನ ಮುಂಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವ ತೊಂದರೆ ಎಷ್ಟು ಸಾಮಾನ್ಯವೆಂದರೆ, ಆಂಗ್ಲ ವೈದ್ಯರು ಅದಕ್ಕೆ ಮನೆಗೆಲಸದಾಕೆಯ ಮಂಡಿ ಎಂದೇ ಹೆಸರಿಟ್ಟಿದ್ದರು. ಹೆಂಗಸರನ್ನು ನೆಲದಿಂದ ಮೇಲಕ್ಕೆಬ್ಬಿಸಿದ್ದು ಈ ಕೋಲು. ಅಮೆರಿಕದಲ್ಲಿ ಥಾಮಸ್ ಸ್ಟುವರ್ಟ್ ಎಂಬ ಆಫ್ರಿಕನ್ ಮೂಲದ ವ್ಯಕ್ತಿ, ಬಗ್ಗದೆಯೇ ನೀರು ಹಿಂಡಬಲ್ಲ ಮಾಪಿಗೆ 1893ರಲ್ಲಿ ಪೇಟೆಂಟ್ ಪಡೆದ. ಸ್ಪೇನ್ ದೇಶದಲ್ಲಿ ಮಾನುವೆಲ್ ಹಾಲೋನ್ ಕೊರೊಮಿನಾಸ್ ಎಂಬ ವಿಮಾನ ಇಂಜಿನಿಯರ್, ಅಮೆರಿಕದ ವಿಮಾನದ ಕೊಟ್ಟಿಗೆಗಳಲ್ಲಿ ನೆಲ ಒರಸುವ ರೀತಿಯನ್ನು ಕಂಡು ಬಂದು, ಹಿಂಡುವ ಬಾಲ್ದಿ ಸಮೇತ ಮಾಪನ್ನು ಮನೆಬಳಕೆಗೆ ತಂದದ್ದು 1956ರಲ್ಲಿ. ಕಾಸರಗೋಡಿನ ಜನ ಆ ವರ್ಷವನ್ನು ಬೇರೆ ಕಾರಣಕ್ಕಾಗಿ ನೆನಪಿಡುತ್ತಾರೆ. ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿದ್ದು ಅದೇ ವರ್ಷ. ಇಲ್ಲಿನ ಹೆಂಗಸರು ಮಂಡಿಯೂರುವುದನ್ನು ಬಿಡಲು ಮಾತ್ರ ಇನ್ನೂ ಹಲವು ದಶಕಗಳು ಬೇಕಾದವು.

ಒದ್ದೆಯ ಒಳಗೆ ನಡೆಯುವುದೇನು?

ಒರಸಿದ ಮಾಪಿನಲ್ಲಿ ಮೂರು ವಸ್ತುಗಳು ಇರುತ್ತವೆ: ನೀರು, ಆಹಾರ, ಬೀಜ. ಆಹಾರವೆಂದರೆ ಅನ್ನದ ಅಗುಳಿನ ಅಂಟು, ಎಣ್ಣೆಯ ಜಿಡ್ಡು, ಚರ್ಮದ ಹೊಟ್ಟು, ಧೂಳು. ಬೀಜವೆಂದರೆ ನೆಲದಿಂದ ಬಂದ ಸೂಕ್ಷ್ಮಾಣುಗಳು. ಅನುಕೂಲವಾದ ತೇವ ಮತ್ತು ಶಾಖ ದೊರೆತರೆ, ಕರುಳಿನಲ್ಲಿ ವಾಸಿಸುವ ಇ. ಕೋಲಿಯಂತಹ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಲೆಕ್ಕ ಕಲಿಯುವ ಮಕ್ಕಳಿಗೆ ಇದೊಂದು ಒಳ್ಳೆಯ ಸಮಸ್ಯೆ. ಬೆಳಗ್ಗೆ ಎಂಟು ಗಂಟೆಗೆ ಒಂದೇ ಒಂದು ಜೀವಾಣು ಇದ್ದರೆ, ತಡೆಯೇ ಇಲ್ಲದಿದ್ದಲ್ಲಿ ಮಧ್ಯಾಹ್ನ ಎರಡಕ್ಕೆ ಎಷ್ಟಿರುತ್ತದೆ? ಆರು ಗಂಟೆಗಳಲ್ಲಿ ಹದಿನೆಂಟು ಬಾರಿ ಇಮ್ಮಡಿಯಾದರೆ ಉತ್ತರ 2,62,144. ಮಾಪಿನ ನೂಲಿನಲ್ಲಿ ಬೆಳವಣಿಗೆ ಇಷ್ಟು ನಿರಾತಂಕವಾಗಿ ನಡೆಯದು, ನಿಜ. ಆದರೆ ಅಲ್ಲಿ ಆರಂಭವಾಗುವುದು ಒಂದರಿಂದಲೂ ಅಲ್ಲ.

ಮಳೆಗಾಲದ ಬಟ್ಟೆಗಳಿಗೆ ಬರುವ ಪರಿಚಿತ ಮುಗ್ಗಲು ವಾಸನೆಯ ಹಿಂದೆ ಮೊರಾಕ್ಸೆಲ್ಲಾ ಎಂಬ ಸೂಕ್ಷ್ಮಾಣುವಿನ ಕೈವಾಡವಿದೆ. ಬಟ್ಟೆಯಲ್ಲಿ ಉಳಿದ ಬೆವರು ಜಿಡ್ಡುಗಳನ್ನು ತಿಂದು ಅದು ಹೊರಬಿಡುವ ಆಮ್ಲವೇ ಆ ವಾಸನೆ. ಅಂದರೆ ವಾಸನೆಯೆಂಬುದು ಸುದ್ದಿಗಾರ. ಸುಗಂಧದ ದ್ರವ ಸುರಿದು ಸುದ್ದಿಗಾರನ ಬಾಯಿ ಮುಚ್ಚಿಸಿದರೆ ಒಳಗಿನ ವ್ಯವಹಾರ ನಿಲ್ಲುವುದಿಲ್ಲ.

ಆಸ್ಪತ್ರೆಗಳ ಒದ್ದೆ ಮಾಪುಗಳನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಒದ್ದೆಯಾಗಿಯೇ ಇರಿಸಿದ ಮಾಪುಗಳಲ್ಲಿ ಬ್ಯಾಕ್ಟೀರಿಯಾಗಳು ವಿಪರೀತವಾಗಿ ಬೆಳೆಯುತ್ತವೆ. ರಾಸಾಯನಿಕಗಳಿಂದ ಅವನ್ನು ಸಮರ್ಪಕವಾಗಿ ನಾಶಗೊಳಿಸಲಾಗದು. ಚೆನ್ನಾಗಿ ಒಗೆದು ಪೂರ್ತಿ ಒಣಗಿಸಿದರೆ ಮಾತ್ರ ಫಲ ದೊರೆಯುತ್ತದೆ ಎಂಬುದು ಅದರ ಸಾರ. ಮನೆಯ ಯಜಮಾನಿಗೆ ಇದರಲ್ಲಿ ಒಂದು ನೇರ ಮಾತಿದೆ. ಅಂಗಡಿಯಿಂದ ತರುವ ಬಾಟಲಿಗಿಂತ ಹಿತ್ತಿಲಿನ ಬಳ್ಳಿ ಹೆಚ್ಚು ಪ್ರಯೋಜನಕಾರಿ.

ತೊಳೆಯುವ ಕ್ರಮ

ಒಣಗುವುದಕ್ಕೆ ಮೊದಲು ತೊಳೆಯಬೇಕು; ಕೊಳೆಯೊಂದಿಗೇ ಒಣಗಿದ ಮಾಪು ಮರುದಿನ ನೀರು ಕಂಡೊಡನೆ ಮತ್ತೆ ಜೀವ ತಳೆಯುತ್ತದೆ. ತೊಳೆಯುವ ಕೆಲಸ ಆರಂಭವಾಗುವುದು ನೀರಿನಿಂದಲ್ಲ, ಕೂದಲನ್ನು ಬಿಡಿಸುವುದರಿಂದ. ನೂಲಿಗೆ ಸುತ್ತಿಕೊಂಡ ಕೂದಲು, ಪೊರಕೆಯ ಕಡ್ಡಿ, ಕಸದ ಎಳೆ ಇವುಗಳನ್ನು ಹಲ್ಲು ಮುರಿದ ಹಳೆಯ ಬಾಚಣಿಗೆಯಿಂದ ಬಾಚಿ ತೆಗೆಯಬೇಕು. ಬಳಿಕ ಬಟ್ಟೆ ಒಗೆಯುವ ಸಾಬೂನು ಪುಡಿ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಉಜ್ಜಿ, ನೀರು ತಿಳಿಯಾಗುವವರೆಗೆ ಜಾಲಾಡಬೇಕು. ಒಂದೇ ಬಾರಿ ಮುಳುಗಿಸಿ ಎತ್ತುವುದು ತೊಳೆದಂತಾಗದು. ಸಾಬೂನಿನ ಅಂಶ ನೂಲಿನಲ್ಲಿ ಉಳಿದರೆ ನೆಲ ಅಂಟಂಟಾಗಿ, ಒರಸಿದ ಗಂಟೆಯೊಳಗೇ ಮತ್ತೆ ಧೂಳು ಹಿಡಿಯುತ್ತದೆ. ‘ಎಷ್ಟು ಒರಸಿದರೂ ಕಾಲಿಗೆ ಅಂಟುತ್ತದೆ’ ಎಂಬ ದೂರಿಗೆ ಕಾರಣ ಬಹುಮಟ್ಟಿಗೆ ಇದೇ.

ಹತ್ತಿಯ ಮಾಪನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇರಿಸಿದರೆ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಹಳೆಯ ಅಲ್ಯುಮಿನಿಯಂ ಪಾತ್ರೆಯೊಂದನ್ನು ಈ ಕೆಲಸಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಮಕ್ಕಳು ಓಡಾಡುವ ಹೊತ್ತು ಈ ಕೆಲಸಕ್ಕೆ ತಕ್ಕುದಲ್ಲ.

ಮೈಕ್ರೋಫೈಬರಿನ ಸ್ವಭಾವ ಬೇರೆ. ಅದು ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆಗಳನ್ನು ಅತಿ ಸೂಕ್ಷ್ಮವಾಗಿ ಸೀಳಿ ಮಾಡಿದ ಬಟ್ಟೆ. ಸೀಳಿನ ಸಂದುಗಳೊಳಗೆ ಧೂಳು ಮತ್ತು ನೀರು ಸಿಕ್ಕಿಕೊಳ್ಳುವುದೇ ಅದರ ಗುಟ್ಟು. ಆದುದರಿಂದ ಬಟ್ಟೆಯನ್ನು ಮೃದುಗೊಳಿಸುವ ದ್ರವವನ್ನು ಅದಕ್ಕೆ ಹಾಕಬಾರದು; ಆ ದ್ರವ ಸಂದುಗಳನ್ನು ಮುಚ್ಚಿ, ಮಾಪನ್ನು ಬರಿಯ ಚಿಂದಿಯಾಗಿಸುತ್ತದೆ. ಕುದಿಯುವ ನೀರು ಮತ್ತು ಬ್ಲೀಚಿಂಗ್ ಪುಡಿ ಎರಡೂ ಅದರ ಎಳೆಗಳನ್ನು ಕೆಡಿಸುತ್ತವೆ. ಕೈ ತಾಳುವಷ್ಟು ಬಿಸಿನೀರು, ಸ್ವಲ್ಪ ಸಾಬೂನು ಸಾಕು. ಹತ್ತಿ ಬಟ್ಟೆಗಳ ಜೊತೆಗೆ ಒಗೆದರೆ ಹತ್ತಿಯ ನವಿರನ್ನೆಲ್ಲ ತಾನೇ ಹಿಡಿದುಕೊಂಡು ಬರುತ್ತದೆ. ಇಂತಹ ಬಟ್ಟೆಯಿಂದ ಪ್ರತಿ ಬಾರಿ ಸೂಕ್ಷ್ಮವಾದ ಪ್ಲಾಸ್ಟಿಕ್ ಎಳೆಗಳು ಕಳಚಿ ನೀರಿಗೆ ಸೇರುತ್ತವೆ; ಹಾಗಾಗಿ ತೊಳೆದ ನೀರನ್ನು ಬಾವಿಯ ಕಟ್ಟೆಯ ಬಳಿಯಲ್ಲಿ, ತೋಡಿನಲ್ಲಿ ಚೆಲ್ಲುವುದು ಸಲ್ಲದು. ಬಾವಿನೀರನ್ನೇ ಕುಡಿಯುವ ಈ ನಾಡಿನಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಮಕ್ಕಳಿಗೆ ಹೊಟ್ಟೆಯ ಕಾಯಿಲೆ ಬಂದಾಗ, ವಾಂತಿ ಭೇದಿಯನ್ನು ಒರಸಿದ ಮಾಪಿಗೆ ಬರಿಯ ಸಾಬೂನು ಸಾಲದು. ಆಗ ಹತ್ತಿಯ ಬಟ್ಟೆಯನ್ನೇ ಬಳಸಿ, ಬ್ಲೀಚಿಂಗ್ ಪುಡಿಯ ಮೊರೆಹೋಗಬಹುದು. ಹೊಸ ಪುಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಲೋರಿನ್ ಇರುತ್ತದೆ. ಹತ್ತು ಲೀಟರ್ ನೀರಿಗೆ 30 ಗ್ರಾಂ, ಎಂದರೆ ಸುಮಾರು ಎರಡು ದೊಡ್ಡ ಚಮಚ ಪುಡಿ ಬೆರೆಸಿದರೆ ಶೇ. 0.1ರ ದ್ರಾವಣವಾಗುತ್ತದೆ. ಮೊದಲು ಸಾಬೂನಿನಿಂದ ಒಗೆದ ಮಾಪನ್ನು ಅದರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಚೆನ್ನಾಗಿ ಜಾಲಾಡಿ ಒಣಗಿಸಬೇಕು. ಕೊಳೆಯಿರುವ ಬಟ್ಟೆಯನ್ನೇ ನೇರವಾಗಿ ಅದ್ದಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಕೊಳೆಯ ಮೇಲೆಯೇ ವ್ಯಯವಾಗಿ ರೋಗಾಣುಗಳು ಪಾರಾಗುತ್ತವೆ. ತೇವ ತಗಲಿ ಗಟ್ಟಿಯಾದ ಹಳೆಯ ಪುಡಿಯಲ್ಲಿ ಹುರುಳಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದೂ ಬೆರೆಸಬಾರದು. ಬೆರೆಸಿದೊಡನೆ ಕ್ಲೋರಿನ್ ಅನಿಲ ಹೊರಹೊಮ್ಮಿ, ಮುಚ್ಚಿದ ಬಚ್ಚಲಿನಲ್ಲಿ ಉಸಿರಾಟಕ್ಕೇ ಕುತ್ತು ತರುತ್ತದೆ. ಅಮೋನಿಯಾ ಇರುವ ದ್ರವಗಳೊಂದಿಗೂ ಅದು ವಿಷಾನಿಲವನ್ನೇ ಉಂಟುಮಾಡುತ್ತದೆ. ‘ಎರಡು ಸೇರಿಸಿದರೆ ಇಮ್ಮಡಿ ಶುದ್ಧ’ ಎಂಬ ಲೆಕ್ಕಾಚಾರ ಇಲ್ಲಿ ಮಾರಕ. ಫಿನಾಯಿಲನ್ನಾಗಲಿ ಆಮ್ಲವನ್ನಾಗಲಿ ಪಾನೀಯದ ಖಾಲಿ ಬಾಟಲಿಗಳಲ್ಲಿ ತುಂಬಿಸಿಡುವ ಪದ್ಧತಿ ಹಲವು ಮನೆಗಳಲ್ಲಿದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಂದೇ ನಿಲ್ಲಿಸಬೇಕು.

ಆಟಿ ತಿಂಗಳ ಸಮಸ್ಯೆ

ತೊಳೆಯುವುದು ಅರ್ಧ ಗಂಟೆಯ ಕೆಲಸ. ಒಣಗಿಸುವುದು ಬೇಸಗೆಯಲ್ಲಿ ಕೆಲಸವೇ ಅಲ್ಲ; ಅಂಗಳದ ಬಿಸಿಲು ತಾನೇ ಮಾಡಿ ಮುಗಿಸುತ್ತದೆ. ಆದರೆ ಆಟಿಯಲ್ಲಿ, ವಾರಗಟ್ಟಲೆ ಸೂರ್ಯನ ಮುಖ ಕಾಣದಿರುವಾಗ, ಇಡೀ ವ್ಯವಸ್ಥೆ ಇದೊಂದರ ಮೇಲೆ ನಿಂತಿದೆ.

ಹತ್ತಿಯ ದಪ್ಪ ನೂಲಿನ ಮಾಪು ಆಟಿಗೆ ತೀರಾ ಹೊಂದದ ವಸ್ತು. ಸಾಮಾನ್ಯ ಹವೆಯಲ್ಲೂ ಒಣಗಿದ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದ ಹೀರಿ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ. 1ಕ್ಕಿಂತಲೂ ಕಡಿಮೆ. ಗಾಳಿಯೇ ನೀರಿನಿಂದ ತುಂಬಿರುವಾಗ ನೂಲಿನ ಗೊಂಚಲಿನ ನಡುಭಾಗ ಎರಡು ದಿನವಾದರೂ ಒಣಗದು. ಹೊರಗೆ ಮುಟ್ಟಿದರೆ ಆರಿದಂತೆ ಕಾಣುತ್ತದೆ. ಗಂಟಿನ ಬುಡಕ್ಕೆ ಬೆರಳಿಟ್ಟರೆ ತಣ್ಣಗಿರುತ್ತದೆ. ಅಲ್ಲಿಯೇ ಕಪ್ಪು ಚುಕ್ಕೆಗಳ ಬೂಷ್ಟು ಆರಂಭವಾಗುವುದು. ಬೂಷ್ಟು ಹತ್ತಿಯ ನಾರನ್ನೇ ತಿನ್ನುವುದರಿಂದ ನೂಲು ಮುಟ್ಟಿದಲ್ಲಿ ಪುಡಿಪುಡಿಯಾಗಿ ಉದುರತೊಡಗುತ್ತದೆ. ಕರಾವಳಿಯ ಅಂಚಿನಲ್ಲಿ, ಬಾವಿಯ ನೀರಿಗೆ ಉಪ್ಪಿನ ಅಂಶವಿರುವ ಮನೆಗಳಲ್ಲಿ ಕಷ್ಟ ಇನ್ನೂ ಹೆಚ್ಚು. ನೂಲಿನಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಅಂತಹವರು ಕೊನೆಯ ಜಾಲಾಟಕ್ಕಾದರೂ ಮಾಡಿನಿಂದ ಇಳಿಯುವ ಮಳೆನೀರನ್ನು ಬಳಸಬಹುದು. ಆಟಿಯಲ್ಲಿ ಅದಕ್ಕೇನೂ ಬರವಿಲ್ಲ.

ಒಂದೇ ಮಾಪನ್ನು ನೆಚ್ಚಿಕೊಳ್ಳದಿರುವುದು ಮೊದಲ ಉಪಾಯ. ಕೋಲು ಒಂದಿರಲಿ, ತಲೆ ಎರಡೋ ಮೂರೋ ಇರಲಿ. ಒಂದು ದುಡಿಯುವಾಗ ಇನ್ನೊಂದು ಒಣಗುತ್ತಿರಬೇಕು. ಮಕ್ಕಳ ಶಾಲಾ ಸಮವಸ್ತ್ರಕ್ಕೆ ಮಳೆಗಾಲದಲ್ಲಿ ಎಲ್ಲ ಮನೆಗಳೂ ಪಾಲಿಸುವ ನ್ಯಾಯವೇ ಇದು.

ಎರಡನೆಯದು ಹಿಂಡುವಿಕೆ. ಗಾಳಿ ಒಂದು ದಿನ ಮಾಡಬೇಕಾದ ಕೆಲಸದ ಬಹುಭಾಗವನ್ನು ಕೈ ಎರಡು ನಿಮಿಷದಲ್ಲಿ ಮಾಡಬಲ್ಲದು. ಸ್ಪಿನ್ ಮಾಪಿನ ನಿಜವಾದ ಉಪಕಾರ ಇಲ್ಲಿದೆ. ನೆಲ ಒರಸುವಾಗ ಹಿಂಡುವಷ್ಟಕ್ಕೆ ನಿಲ್ಲಿಸದೆ, ತೊಳೆದಾದ ಮೇಲೆ ನೀರಿಲ್ಲದ ಬಾಲ್ದಿಯಲ್ಲಿ ಇನ್ನೊಮ್ಮೆ ಜೋರಾಗಿ ತಿರುಗಿಸಿದರೆ ಅದರ ತಲೆ ಅರೆ ಒಣಗಿಯೇ ಹೊರಬರುತ್ತದೆ. ಆದರೆ ತಿರುಗಿಸಿದ ಬುಟ್ಟಿಯಲ್ಲೇ ಮಾಪನ್ನು ಬಿಟ್ಟು ಮೂಲೆಗೆ ತಳ್ಳುವ ಅಭ್ಯಾಸ ಆ ಉಪಕಾರವನ್ನೆಲ್ಲ ಕೆಡಿಸುತ್ತದೆ. ಮಾರುವವರು ಚಿತ್ರದಲ್ಲಿ ಹಾಗೆಯೇ ನಿಲ್ಲಿಸಿ ತೋರಿಸುವುದರಿಂದ ಅದೇ ಸರಿಯಾದ ಜಾಗವೆಂದು ಜನ ತಿಳಿದಿದ್ದಾರೆ.

ಇನ್ನು ತೂಗುಹಾಕುವ ಸ್ಥಳ. ಕೋಲನ್ನು ತಲೆಕೆಳಗಾಗಿ ಗೋಡೆಗೆ ಒರಗಿಸಿದರೆ ನೀರು ಕೋಲಿನುದ್ದಕ್ಕೂ ಇಳಿದು, ಕಬ್ಬಿಣದ ಬಿರಡೆಗೆ ತುಕ್ಕು ಹಿಡಿಯುತ್ತದೆ. ತಲೆಯನ್ನು ಕಳಚಿ, ನೂಲುಗಳನ್ನು ಬಿಡಿಸಿ, ಬಳ್ಳಿಯ ಮೇಲೆ ಹರವುವುದೇ ಸರಿ. ಹಂಚಿನ ಮಾಡಿನ ಮನೆಗಳಲ್ಲಿ ಗಾಳಿ ಬೀಸುವ ಕಡೆಯ ಸೂರಿನ ಅಡಿ ಒಳ್ಳೆಯ ಜಾಗ. ತಾರಸಿ ಮನೆಗಳಲ್ಲಿ ಮೆಟ್ಟಿಲಿನ ಮೇಲಿನ ತಗಡಿನ ಮಾಡು. ಅಡಿಕೆ ಒಣಗಿಸಲು ಪಾರದರ್ಶಕ ಪ್ಲಾಸ್ಟಿಕ್ಕಿನ ಗೂಡು ಕಟ್ಟಿಕೊಂಡವರಿಗೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಬರಿದಾಗಿರುವ ಆ ಗೂಡಿನಲ್ಲಿ ಮೋಡದ ದಿನವೂ ಹೊರಗಿಗಿಂತ ಬೆಚ್ಚಗಿರುತ್ತದೆ. ಬಚ್ಚಲಿನ ಒಲೆ ಇನ್ನೂ ಉರಿಯುತ್ತಿರುವ ಮನೆಗಳು ಭಾಗ್ಯವಂತ ಮನೆಗಳು. ಪಾಲಿಯೆಸ್ಟರಿನ ಮಾಪನ್ನು ಮಾತ್ರ ಬೆಂಕಿಯ ಸಮೀಪಕ್ಕೆ ಒಯ್ಯಬಾರದು. ಅದು ಒಣಗುವ ಮೊದಲೇ ಕರಗುತ್ತದೆ. ಯಾವುದೂ ಇಲ್ಲದವರಿಗೆ ರಾತ್ರಿ ಚಾವಡಿಯ ಫ್ಯಾನಿನ ಗಾಳಿಯಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಮಾಪನ್ನು ಅಟ್ಟಕ್ಕೇರಿಸಿ, ಅಡ್ಡಪಟ್ಟಿಯಿರುವ ಕೋಲಿಗೆ ಹಳೆಯ ಬೈರಾಸನ್ನು ಸುತ್ತಿ ಒರಸುವುದೇ ಈ ಸೀಮೆಗೆ ಒಪ್ಪುವ ದಾರಿ. ಮಂಡಿಗೂ ನೋವಿಲ್ಲ, ಬಟ್ಟೆಯೂ ಬೇಗ ಆರುತ್ತದೆ. ಜಗಲಿಯ ಬುಡದಲ್ಲಿ ಕಾಲು ತೊಳೆಯಲು ನೀರಿಡುತ್ತಿದ್ದ ಹಿಂದಿನ ರೂಢಿಯನ್ನು ಮತ್ತೆ ತಂದರೆ ಒರಸುವ ಕೆಲಸವೇ ಅರ್ಧ ಇಳಿಯುತ್ತದೆ.

ಬಾಲ್ದಿಯ ಗೋಡೆ

ಮಾಪಿಗಿಂತಲೂ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ಬಾಲ್ದಿ. ಒರಸಿದ ನೀರನ್ನು ‘ಸಂಜೆಗೂ ಆಗುತ್ತದೆ’ ಎಂದು ಹಾಗೆಯೇ ಇಡುವುದು, ಆಮೇಲೆ ಮರೆಯುವುದು ಸಾಮಾನ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ದೊಡ್ಡ ಕೆರೆ ಬೇಕಿಲ್ಲ. ಹಿತ್ತಿಲಲ್ಲಿ ಮಳೆನೀರು ತುಂಬಿ ನಿಂತ ಇಂತಹ ಒಂದು ಬಾಲ್ದಿ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಅದಕ್ಕಾಗಿಯೇ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಂದು ಒಣದಿನವನ್ನು ನಿಗದಿಪಡಿಸಿದೆ: ಶುಕ್ರವಾರ ಶಾಲೆಗಳಲ್ಲಿ, ಶನಿವಾರ ಕಚೇರಿಗಳಲ್ಲಿ, ಭಾನುವಾರ ಮನೆಗಳಲ್ಲಿ. ಆ ದಿನ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟದ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದೂ ಬದುಕಿ, ಮತ್ತೆ ನೀರು ಬಂದಾಗ ಒಡೆಯುತ್ತವೆ. ಆದುದರಿಂದ ಬಾಲ್ದಿಯ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ, ಕವುಚಿ ಹಾಕಬೇಕು. ಶಾಲೆಯ ಒಣದಿನದಲ್ಲಿ ಕಲಿತದ್ದನ್ನು ಮನೆಯ ಒಣದಿನದಲ್ಲಿ ಮಾಡಿ ತೋರಿಸಲು ಮಕ್ಕಳಿಗೆ ಇದಕ್ಕಿಂತ ಸುಲಭದ ಕೆಲಸ ಸಿಗದು.

ಸ್ಪಿನ್ ಬಾಲ್ದಿಯ ಬುಟ್ಟಿಯ ಅಡಿಯಲ್ಲಿ, ಅಚ್ಚಿನ ಸುತ್ತ ಕೂದಲು ಮತ್ತು ಕೆಸರು ಸೇರಿಕೊಂಡು ತಿರುಗಾಟ ಬಿಗಿಯಾಗುತ್ತದೆ. ಬುಟ್ಟಿಯನ್ನು ಬಿಡಿಸಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟರೆ ಸರಿಹೋಗುತ್ತದೆ. ಬುಟ್ಟಿ ತಿರುಗದೆಂದು ಹೊಸ ಮಾಪು ಕೊಳ್ಳಲು ಹೊರಡುವ ಮುನ್ನ ಇಷ್ಟು ಮಾಡಿ ನೋಡುವುದು ಲೇಸು.

ಅಡುಗೆಮನೆಗೆ ಒಂದು, ಕೋಣೆಗಳಿಗೆ ಒಂದು, ಶೌಚಾಲಯಕ್ಕೆ ಇನ್ನೊಂದು ಬಟ್ಟೆ ಇರಲೇಬೇಕು. ಗುರುತಿಗೆ ಕೋಲಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದರಾಯಿತು. ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮಧ್ಯಾಹ್ನದ ಊಟದ ಕೋಣೆಯನ್ನು ಒರಸುವ ಮಾಪು ಯಾವುದು, ಶೌಚಾಲಯದ್ದು ಯಾವುದು, ಅವು ಮಳೆಗಾಲದಲ್ಲಿ ಒಣಗುವುದೆಲ್ಲಿ ಎಂಬ ಮೂರು ಪ್ರಶ್ನೆಗಳನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕೇಳುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಕಟ್ಟಡಕ್ಕೆ ಬಣ್ಣ ಬಳಿಸುವ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಸಭೆಗಳಿಗೆ ನಾಲ್ಕು ಮೊಳ ಬಳ್ಳಿ ಕಟ್ಟಿಸುವುದು ಭಾರವಾಗಲಾರದು.

ಕೆಲಸಕ್ಕೆ ಸಂಬಂಧಿಸಿದ ಮಾತುಗಳ ಬಗೆಗೂ ಒಂದೆರಡು ಸಾಲು ಸಲ್ಲುತ್ತದೆ. ಗುಡಿಸು, ಸಾರಿಸು, ಒರಸು, ಉದ್ದು, ಉಜ್ಜು, ತಿಕ್ಕು, ಜಾಲಾಡು, ತೊಳೆ, ತೊಡೆ: ಇವೊಂದೊಂದೂ ಬೇರೆ ಬೇರೆ ಕ್ರಿಯೆ. ಮಕ್ಕಳ ಬಾಯಲ್ಲಿ ಇವೆಲ್ಲ ಸೇರಿ ಒಂದೇ ‘ಕ್ಲೀನ್ ಮಾಡು’ ಆಗಿಬಿಟ್ಟಿದೆ. ಪಕ್ಕದ ಮನೆಯ ಮಲಯಾಳದಲ್ಲಿ ಒರಸುವುದಕ್ಕೆ ‘ತುಡಯ್ಕ್ಕುಕ’ ಎನ್ನುತ್ತಾರೆ. ಅದು ಕನ್ನಡದ ‘ತೊಡೆ’ಯ ಒಡಹುಟ್ಟು. ಕನ್ನಡದಲ್ಲಿ ಅದು ಬಹುಮಟ್ಟಿಗೆ ಪುಸ್ತಕದೊಳಗೆ ಕುಳಿತಿದ್ದರೆ, ಬೇಲಿಯಾಚೆ ಇನ್ನೂ ನೆಲ ಒರಸುತ್ತಿದೆ. ಪದಗಳನ್ನು ಕಲಿಸಲು ಪಾಠದ ಹಲಗೆಗಿಂತ ಹಿತ್ತಿಲ ಕಲ್ಲು ಒಳ್ಳೆಯ ಜಾಗ. ಮಗಳಿಗೆ ಮಾತ್ರವಲ್ಲ, ಮಗನಿಗೂ. ಮನೆಯ ಗಂಡಸರು ಎಂದಾದರೊಮ್ಮೆ ಮಾಪು ಹಿಡಿದು ಒರಸುವುದುಂಟು. ಅದನ್ನು ತೊಳೆದು ಒಣಗಲು ಹಾಕುವ ಕೆಲಸ ಮಾತ್ರ ಈಗಲೂ ಹೆಂಗಸರ ಪಾಲಿಗೇ ಉಳಿದಿದೆ.

ದಿನವೂ ಬಳಸುವ ಮಾಪಿನ ತಲೆ ಮೂರು ತಿಂಗಳಾಗುವಷ್ಟರಲ್ಲಿ ಹಳತಾಗುತ್ತದೆ. ತೊಳೆದು ಒಣಗಿಸಿದರೂ ವಾಸನೆ ಹೋಗದಿದ್ದರೆ, ನೂಲು ಉದುರತೊಡಗಿದರೆ, ಬೂಷ್ಟಿನ ಕಪ್ಪು ಕಲೆ ಬಿಡದಿದ್ದರೆ ಅದರ ಆಯಸ್ಸು ಮುಗಿಯಿತು. ಆಗ ಅದನ್ನು ಶೌಚಾಲಯಕ್ಕೋ ಜಗಲಿಗೋ ವರ್ಗಾಯಿಸುವ ಮಿತವ್ಯಯ ಬೇಡ. ಶುದ್ಧ ಹತ್ತಿಯ ಚಿಂದಿಯನ್ನು ಸಾಬೂನು ಹೋಗುವಂತೆ ತೊಳೆದು ತೆಂಗಿನ ಬುಡದ ಗುಂಡಿಗೆ ಹಾಕಿದರೆ ಮಣ್ಣಾಗುತ್ತದೆ. ಮೈಕ್ರೋಫೈಬರ್ ಮಣ್ಣಾಗದು, ಸುಟ್ಟರೆ ಕೆಟ್ಟ ಹೊಗೆ. ಅದನ್ನೂ ಮುರಿದ ಪ್ಲಾಸ್ಟಿಕ್ ಬುಟ್ಟಿಯನ್ನೂ ತೊಳೆದು ಒಣಗಿಸಿ, ಮನೆಬಾಗಿಲಿಗೆ ಬರುವ ಹರಿತ ಕರ್ಮಸೇನೆಯವರ ಚೀಲಕ್ಕೆ ಕೊಡಬೇಕು. ಕೋಲು ಗಟ್ಟಿಯಾಗಿದ್ದರೆ ಇನ್ನೊಂದು ತಲೆಗೆ ಆಗುತ್ತದೆ. ಇಲ್ಲವಾದರೆ ಅಲಸಂಡೆಯ ಬಳ್ಳಿಗೆ ಆಧಾರವಾಗಿ ಊರಬಹುದು.